ಹತ್ತೊಂಬತ್ತರ ಕಾರ್ಡು ಇರಲಿಲ್ಲ

ನನ್ನ ತಂಗಿಯ ಗಂಡನಿಗೆ ನಾನು ಎದುರಿಗೆ ‘ನೀವು’ ಎನ್ನುತ್ತೇನೆ. ಮನಸ್ಸಿನಲ್ಲಿ ಎಂದೂ ಬಹುವಚನ ಕೊಟ್ಟವಳಲ್ಲ. ಅಡುಗೆಮನೆಗೊಂದು ಶೆಲ್ಫು ಮಾಡಿಕೊಡುತ್ತೇನೆ, ಒಂದೇ ಭಾನುವಾರದ ಕೆಲಸ ಎಂದು ಅವನು ಹಲಗೆ ತಂದು ಗೋಡೆಗೆ ಒರಗಿಸಿ ಎರಡು ವರ್ಷವಾಗಿತ್ತು. ತಂಗಿ ಪಾತ್ರೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸಿಟ್ಟು, ಗಾಳಿ ಬೀಸಿದಾಗಲೆಲ್ಲ ಓಡಿಹೋಗಿ ಹಿಡಿದುಕೊಳ್ಳುತ್ತಿದ್ದಳು. ಅಂಥ ಮನುಷ್ಯ ಒಂದು ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲೊಂದು ಕಾರ್ಡಿನ ಕಟ್ಟು ಹಿಡಿದು ನಮ್ಮ ಕಚೇರಿಯ ಮೀಟಿಂಗ್ ಕೋಣೆಗೆ ಬಂದು ನಿಂತ. ಯಾವ ಕೆಲಸಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂದು ಅಂದಾಜು ಮಾಡುವುದನ್ನು ನಮಗೆ ಕಲಿಸುವುದಕ್ಕೆ.

ಅವತ್ತೇ ಮಧ್ಯಾಹ್ನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, ನಾವಿಬ್ಬರೂ ಸಂಬಂಧಿಕರೆಂದು ಇಲ್ಲಿ ಯಾರಿಗೂ ಗೊತ್ತಾಗುವುದು ಬೇಡ, ನಿಮಗೇ ಮುಜುಗರ ಎಂದ. ನಾನು ಎರಡನೇ ಮಾತಿಲ್ಲದೆ ಒಪ್ಪಿದೆ. ಮುಜುಗರದ ವಿಷಯದಲ್ಲಿ ಅವನ ಅಂದಾಜು ಸರಿಯಾಗಿಯೇ ಇತ್ತು.

ನಮ್ಮ ಕಚೇರಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತದೆ. ನಾಲ್ಕನೇ ಮಹಡಿ, ತೆರೆಯಲು ಬಾರದ ಕಿಟಕಿಗಳು, ಎಷ್ಟು ಒರೆಸಿದರೂ ಹಿಂದಿನ ಮೀಟಿಂಗಿನ ನೆರಳು ಉಳಿಯುವ ಬಿಳಿ ಬೋರ್ಡು. ನಾನು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಡೇಟಾದ ಕೆಲಸ ಮಾಡುತ್ತಿದ್ದೇನೆ. ಹಳೆಯ ಮಾಹಿತಿಯನ್ನು ಹಳೆಯ ಕಂಪ್ಯೂಟರಿನಿಂದ ಕಿತ್ತು ಹೊಸದಕ್ಕೆ ನಾಟಿ ಮಾಡುವ ಕೆಲಸ. ನಮ್ಮ ಮ್ಯಾನೇಜರನ್ನು ನಾವೆಲ್ಲ ತಾರೀಕಪ್ಪ ಎನ್ನುತ್ತಿದ್ದೆವು. ಯಾರೇ ಏನೇ ಹೇಳಿದರೂ ಆತ ಕೇಳುವುದು ಒಂದೇ: ಯಾವ ತಾರೀಕು? ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದು ಆತನ ಕಿವಿಗೆ ತಾಗುತ್ತಲೇ ಇರಲಿಲ್ಲ. ನನಗೆ ತಿಳಿದಂತೆ ಆತ ಹತ್ತು ವರ್ಷದಲ್ಲಿ ನಾವು ಬರೆದ ಒಂದೇ ಒಂದು ಸಾಲನ್ನೂ ತೆರೆದು ನೋಡಿದವನಲ್ಲ. ಗೋಡೆಯ ಕ್ಯಾಲೆಂಡರನ್ನು ಮಾತ್ರ ದಿನಕ್ಕೆ ಹತ್ತು ಸಲ ನೋಡುತ್ತಿದ್ದ.

ಹೊಸಬನನ್ನು ಆತ ಪರಿಚಯಿಸಿದ್ದು ತರಬೇತುದಾರರು ಎಂದು. ಸಂಜೆಯೊಳಗೆ ಹುಡುಗರು ‘ಗುರುಗಳು’ ಎಂದು ಹೆಸರಿಟ್ಟಾಗಿತ್ತು. ಗುರುಗಳು ಕಲಿಸಿದ್ದು ಹೀಗೆ. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಚೀಟಿಗಳಾಗಿ ಬರೆಯಬೇಕು. ಒಂದೊಂದು ಚೀಟಿ ಓದಿದಾಗ ಪ್ರತಿಯೊಬ್ಬರೂ ಆ ಕೆಲಸ ಎಷ್ಟು ದೊಡ್ಡದು ಅನ್ನಿಸುತ್ತದೋ ಅಷ್ಟರ ಕಾರ್ಡನ್ನು ಒಟ್ಟಿಗೆ ಎತ್ತಿ ತೋರಿಸಬೇಕು: ಒಂದು, ಎರಡು, ಮೂರು, ಐದು, ಎಂಟು, ಹದಿಮೂರು. ಅದು ದಿನಗಳ ಲೆಕ್ಕವಲ್ಲ, ಗಾತ್ರದ ಲೆಕ್ಕ. ಅದಕ್ಕೆ ಪಾಯಿಂಟು ಎಂದು ಹೆಸರು. ಎಲ್ಲರಿಗಿಂತ ಹೆಚ್ಚು ತೋರಿಸಿದವರೂ ಎಲ್ಲರಿಗಿಂತ ಕಡಿಮೆ ತೋರಿಸಿದವರೂ ಯಾಕೆಂದು ಹೇಳಬೇಕು. ಎರಡು ವಾರಕ್ಕೊಂದು ಸರದಿ. ಒಂದು ಸರದಿಯಲ್ಲಿ ಎಷ್ಟು ಪಾಯಿಂಟಿನ ಕೆಲಸ ಮುಗಿಯಿತೋ ಅದು ತಂಡದ ವೇಗ. ಆ ವೇಗದಿಂದ ಮುಂದಿನದನ್ನು ಊಹಿಸಬಹುದು.

ನಿಜ ಹೇಳಬೇಕೆಂದರೆ ಪದ್ಧತಿಯಲ್ಲಿ ಹುಳುಕೇನೂ ಇಲ್ಲ. ಬಾಯಿ ಬಿಡದವರ ಕೈಯಲ್ಲಾದರೂ ಒಂದು ಸಂಖ್ಯೆ ಹೊರಡಲಿ ಎಂದು ಯಾರೋ ತಿಳಿದವರೇ ಮಾಡಿದ್ದು. ಆದರೆ ಹಾಗೆ ಮಾಡಿದವರು ಕೋಣೆಯ ಹಿಂದೆ ತಾರೀಕಪ್ಪ ಕೈಕಟ್ಟಿ ನಿಂತಿರುತ್ತಾನೆ ಎಂದು ಲೆಕ್ಕ ಹಾಕಿರಲಿಲ್ಲ. ಕಟ್ಟಿನಲ್ಲಿ ಇಪ್ಪತ್ತು, ನಲವತ್ತು, ನೂರರ ಕಾರ್ಡುಗಳೂ ಇದ್ದವಂತೆ. ದೊಡ್ಡ ಸಂಖ್ಯೆ ನೋಡಿದರೆ ತಂಡದ ಮನಸ್ಸು ಕೆಡುತ್ತದೆ ಎಂದು ಆತ ಮೊದಲೇ ತೆಗೆಸಿಬಿಟ್ಟಿದ್ದ. ಗುರುಗಳು ತೆಗೆದುಕೊಟ್ಟಿದ್ದ.

ಆಗ ಕೈಯಲ್ಲಿದ್ದದ್ದು ಒಂದು ಆಸ್ಪತ್ರೆಯ ರಕ್ತನಿಧಿಯ ಕೆಲಸ. ಮೂವತ್ತು ವರ್ಷದ ರಕ್ತದಾನಿಗಳ ದಾಖಲೆಯನ್ನು ಹೊಸ ಸಾಫ್ಟ್‌ವೇರಿಗೆ ತರಬೇಕಿತ್ತು. ಚೀಟಿಯಲ್ಲಿ ಒಂದೇ ಸಾಲು: ‘ಹಳೆಯ ದಾಖಲೆ ವರ್ಗಾವಣೆ.’ ಕಾರ್ಡು ಎತ್ತಿದೆವು. ಒಂದೇ ಮೇಜಿನಲ್ಲಿ ಜೋಡಿಯಾಗಿ ಕೂರುವ ಇಬ್ಬರು ಪ್ರೋಗ್ರಾಮರ್ ಹುಡುಗರು ಹಿಂದಕ್ಕೊಮ್ಮೆ ಕಣ್ಣು ಹಾಯಿಸಿ ಮೂರು ತೋರಿಸಿದರು. ಮತ್ತಿಬ್ಬರದು ಐದು. ನನ್ನದು ಹದಿಮೂರು. ನಮ್ಮ ಪರೀಕ್ಷಕಿ, ಅಂದರೆ ನಾವು ಬರೆದದ್ದರಲ್ಲಿ ತಪ್ಪು ಹುಡುಕುವ ಹುಡುಗಿ, ದಿನಕ್ಕೆ ಹತ್ತು ಮಾತೂ ಆಡದವಳು, ನಾವೆಲ್ಲ ಮೌನಿ ಎನ್ನುತ್ತಿದ್ದವಳು, ಪ್ರಶ್ನೆಚಿಹ್ನೆಯ ಕಾರ್ಡು ಎತ್ತಿದಳು. ಅಂಥದ್ದೊಂದು ಕಟ್ಟಿನಲ್ಲಿ ಉಳಿದುಹೋಗಿತ್ತು.

ಗುರುಗಳು ನಕ್ಕ. ಪ್ರಶ್ನೆ ಅರ್ಥವಾಗದವರಿಗೆ ಆ ಕಾರ್ಡು, ಇದರಲ್ಲಿ ಅರ್ಥವಾಗದ್ದು ಏನಿದೆ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

“ಆ ದಾಖಲೆನ ಯಾರಾದ್ರೂ ನೋಡಿದ್ದೀರಾ?” ಎಂದು ಮೌನಿ ಕೇಳಿದಳು.

ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ನನ್ನ ಹದಿಮೂರು ಇಪ್ಪತ್ತೆರಡು ವರ್ಷದ ಜಂಬದಿಂದ ಬಂದದ್ದು, ಹುಡುಗರ ಮೂರು ಹೆದರಿಕೆಯಿಂದ ಬಂದದ್ದು. ಗಾಳಿಯಲ್ಲಿ ಗುದ್ದಿದ್ದು ಎರಡೂ. ಕೊನೆಗೆ ಐದು ಎಂದು ಬರೆದರು. ಹೀಗೆ ಮೂವತ್ತೆರಡು ಚೀಟಿಗೆ ಬೆಲೆ ಕಟ್ಟಿ ಮುಗಿಸಿದ ಮೇಲೆ ತಾರೀಕಪ್ಪ ಮುಂದೆ ಬಂದು, ಆಸ್ಪತ್ರೆಗೆ ಎಂಟು ವಾರ ಎಂದು ಹೋದ ತಿಂಗಳೇ ಹೇಳಿಯಾಗಿದೆ, ನಿಮ್ಮ ಪಾಯಿಂಟುಗಳು ಅದಕ್ಕೆ ಹೇಗೆ ಹೊಂದುತ್ತವೆ ನೋಡಿಕೊಳ್ಳಿ ಎಂದ. ಅಂದರೆ ಉತ್ತರ ಮೊದಲೇ ಬರೆದಿತ್ತು. ನಾವು ಎರಡು ಗಂಟೆ ಹೊತ್ತು ಲೆಕ್ಕ ಮಾಡಿದಂತೆ ನಟಿಸಿದ್ದೆವು.

ಮೊದಲನೇ ಸರದಿಯಲ್ಲಿ ಇಪ್ಪತ್ತೊಂದು ಪಾಯಿಂಟು ಮುಗಿಯಿತು. ಎಂಟು ವಾರಕ್ಕೆ ಮುಗಿಯಬೇಕಾದರೆ ನಲವತ್ತು ಬೇಕಿತ್ತು. ವೇಗ ಹೆಚ್ಚಿಸಬೇಕು ಎಂದು ತಾರೀಕಪ್ಪ ಗುರುಗಳಿಗೆ ಹೇಳಿದ, ಗುರುಗಳು ನಮಗೆ ಹೇಳಿದ. ವೇಗವಂತೆ. ಎತ್ತನ್ನಾದರೂ ಬಾಲ ತಿರುಚಿದರೆ ನಾಲ್ಕು ಹೆಜ್ಜೆ ಓಡೀತು. ಆದರೆ ನಮ್ಮ ಜೋಡಿ ಹುಡುಗರು ದಡ್ಡರಲ್ಲ. ಹೆಚ್ಚಿಸಬೇಕಾದದ್ದು ಕೆಲಸವನ್ನಲ್ಲ, ಸಂಖ್ಯೆಯನ್ನು ಎಂದು ಅವರಿಗೆ ಒಂದೇ ದಿನದಲ್ಲಿ ಹೊಳೆಯಿತು. ಮುಂದಿನ ಸಲ, ಮೊದಲು ಮೂರು ಎನ್ನುತ್ತಿದ್ದದ್ದಕ್ಕೆ ಎಂಟು ತೋರಿಸಿದರು. ಐದು ಇದ್ದದ್ದು ಹದಿಮೂರಾಯಿತು. ಎರಡನೇ ಸರದಿಯಲ್ಲಿ ನಲವತ್ನಾಲ್ಕು ಪಾಯಿಂಟು ಮುಗಿಯಿತು. ಉಳಿದ ಕೆಲಸ ಮಾತ್ರ ಇದ್ದಲ್ಲೇ ಇತ್ತು.

ತಂಡದ ವೇಗ ತೋರಿಸಲು ಗೋಡೆಗೆ ಅಂಟಿಸಿದ್ದ ನಕ್ಷೆಯ ಗೆರೆ ಏಣಿ ಹತ್ತಿದ ಹಾಗೆ ಮೇಲಕ್ಕೇರಿತು. ತಾರೀಕಪ್ಪ ಅದರ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ. ಕೇಕು ತರಿಸಿದ. ಗುರುಗಳು ಆ ಕೇಕನ್ನು ಏಳು ತುಂಡು ಮಾಡುವಾಗ ಗೋಡೆಯ ಗೆರೆಗೆ ಬೆನ್ನು ಹಾಕಿ ನಿಂತದ್ದನ್ನು ನಾನು ನೋಡಿದೆ. ಅಸಲು ಸಂಗತಿ ಏನೆಂದು ಅವನಿಗೂ ಗೊತ್ತಿರಬಹುದೇ ಎಂದು ಆಗ ಒಂದು ಕ್ಷಣ ಅನ್ನಿಸಿತ್ತು. ಇಲ್ಲ, ಅಷ್ಟು ಬುದ್ಧಿ ಎಲ್ಲಿಂದ ಬರಬೇಕು ಎಂದುಕೊಂಡು ನನ್ನ ತುಂಡನ್ನು ತಿಂದೆ. ಚೆನ್ನಾಗಿತ್ತು.

ಮೌನಿ ಕೇಕಿಗೆ ಇರಲಿಲ್ಲ. ಮೂರು ದಿನದಿಂದ ರಕ್ತನಿಧಿಯಲ್ಲಿ ಕೂತಿದ್ದಳು. ನಾಲ್ಕನೇ ದಿನ ಫೋನು ಮಾಡಿ, ಬಿಡುವಾದರೆ ಒಮ್ಮೆ ಬಂದು ಹೋಗಿ ಎಂದಳು. ಅಷ್ಟು ಉದ್ದದ ಮಾತು ಅವಳು ಆಡಿದ್ದೇ ಅಪರೂಪ, ಆದ್ದರಿಂದ ಹೋದೆ.

ಆಸ್ಪತ್ರೆಯ ನೆಲಮಾಳಿಗೆ. ಉದ್ದನೆಯ ಕೋಣೆ, ಒಂದು ಕಡೆ ಗುಂಯ್ಗುಡುವ ಶೀತಲ ಪೆಟ್ಟಿಗೆಗಳು, ಇನ್ನೊಂದು ಕಡೆ ಕಬ್ಬಿಣದ ಬೀರು. ಬೀರುವಿನಲ್ಲಿ ಇಪ್ಪತ್ತೊಂಬತ್ತು ದಪ್ಪ ರಿಜಿಸ್ಟರುಗಳು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದವು. ಅವುಗಳ ಒಡತಿ ಐವತ್ತೈದು ದಾಟಿದ ಗುಮಾಸ್ತೆ. ಅಲ್ಲಿಯ ದಾದಿಯರೆಲ್ಲ ರಿಜಿಸ್ಟರಮ್ಮ ಎನ್ನುತ್ತಿದ್ದರು. ಆಕೆ ನನ್ನನ್ನು ಕೂರಿಸಿ ಎರಡು ವಿಷಯ ತೋರಿಸಿದರು.

ಮೊದಲನೆಯದು, ಹಳೆಯ ಕಂಪ್ಯೂಟರಿಗೆ ಮಾಹಿತಿ ತುಂಬಿದ ಯಾರೋ ಒಬ್ಬರು ಹನ್ನೊಂದು ವರ್ಷ ಕಾಲ ಓ ಗುಂಪಿನ ರಕ್ತಕ್ಕೆ ಇಂಗ್ಲಿಷಿನ ಓ ಅಕ್ಷರದ ಬದಲು ಸೊನ್ನೆ ಒತ್ತಿದ್ದರು. ಆ ಯಂತ್ರಕ್ಕೆ ಸೊನ್ನೆ ಎಂದರೆ ಖಾಲಿ. ಹಾಗಾಗಿ ಓ ಗುಂಪಿನವರೂ, ಗುಂಪು ಯಾವುದೆಂದು ಪರೀಕ್ಷೆಯೇ ಆಗದವರೂ ಅದರಲ್ಲಿ ಒಂದೇ ಆಗಿಹೋಗಿದ್ದರು. ಎರಡನೆಯದು ಕೆಂಪು ಚುಕ್ಕೆ. ರಿಜಿಸ್ಟರಿನಲ್ಲಿ ಕೆಲವು ಹೆಸರುಗಳ ಪಕ್ಕ ಕೆಂಪು ಪೆನ್ಸಿಲಿನ ಸಣ್ಣ ಚುಕ್ಕೆ ಇತ್ತು. ಇವರಿಂದ ಮತ್ತೆ ಎಂದೂ ರಕ್ತ ತೆಗೆದುಕೊಳ್ಳಬಾರದು ಎಂದು ಅರ್ಥ. ಹಳೆಯ ಕಂಪ್ಯೂಟರಿನಲ್ಲಿ ಆ ಗುರುತಿಗೆ ಜಾಗವೇ ಇರಲಿಲ್ಲ. ಇಷ್ಟು ವರ್ಷವೂ ಯಾರಿಗೇ ಫೋನು ಹೋಗುವ ಮೊದಲು ರಿಜಿಸ್ಟರಮ್ಮ ಪುಟ ತಿರುವಿ ನೋಡಿ ಸರಿ ಎನ್ನಬೇಕಿತ್ತು. ರಕ್ತವನ್ನು ಪ್ರತಿ ಸಲ ಪರೀಕ್ಷೆ ಮಾಡುತ್ತಾರಲ್ಲ ಎಂದು ನಾನು ಕೇಳಿದೆ.

“ಮಾಡ್ತಾರಮ್ಮ. ಪರೀಕ್ಷೆ ಒಂದು ಬೀಗ, ಈ ಚುಕ್ಕೆ ಇನ್ನೊಂದು ಬೀಗ,” ಎಂದರು ಆಕೆ. “ನೀವು ಒಂದನ್ನ ತೆಗೀತಾ ಇದ್ದೀರಿ. ತೆಗೀರಿ, ಆದರೆ ಗೊತ್ತಿದ್ದು ತೆಗೀರಿ.”

ನಮ್ಮ ಐದು ಪಾಯಿಂಟಿನ ಚೀಟಿ ಅದು. ಯಂತ್ರಕ್ಕೆ ಬಿಟ್ಟರೆ ಕೆಂಪು ಚುಕ್ಕೆಯವರೆಲ್ಲ ಹೊಸ ಪಟ್ಟಿಯಲ್ಲಿ ನಿರ್ಮಲರಾಗಿ ಬಂದು ಕೂರುತ್ತಿದ್ದರು. ಸರಿ ಮಾಡುವುದಕ್ಕೆ ಇದ್ದದ್ದು ಒಂದೇ ದಾರಿ: ಒಂದೊಂದು ಪುಟವನ್ನೂ ಕಣ್ಣಿನಿಂದ ನೋಡಿ ಕೈಯಿಂದ ತಾಳೆ ಹಾಕುವುದು. ಮೌನಿ ಆಗಲೇ ಅದನ್ನು ಶುರುಮಾಡಿದ್ದಳು. ಮೂರು ದಿನ ಅವಳೂ ರಿಜಿಸ್ಟರಮ್ಮನೂ ಕೂತು ಎಷ್ಟು ಪುಟ ಮುಗಿಯುತ್ತದೆ ಎಂದು ಎಣಿಸಿದ್ದಳು. ಮೊದಲ ದಿನ ಐವತ್ತು, ಎರಡನೇ ದಿನ ಅರವತ್ತೆಂಟು, ಮೂರನೇ ದಿನ ಅರವತ್ತೆರಡು. ದಿನಕ್ಕೆ ಅರವತ್ತು ಎಂದು ಹಿಡಿದಿದ್ದಳು. ಒಟ್ಟು ಐದು ಸಾವಿರದ ಎಂಟುನೂರು ಪುಟ. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಹತ್ತೊಂಬತ್ತು ವಾರ, ಎರಡು ಮೂರು ವಾರ ಹೆಚ್ಚು ಇಲ್ಲವೇ ಕಡಿಮೆ.

ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಕಚೇರಿಯಲ್ಲಿ ನಾನು ಕಂಡ ಮೊದಲ ಅಂದಾಜು ಅದು. ಅದಕ್ಕೆ ಮುಂಚಿನವೆಲ್ಲ ಹರಕೆಗಳು.

ಮಾರನೇ ದಿನದ ಮೀಟಿಂಗಿನಲ್ಲಿ ನಾನೇ ಎದ್ದು ಎಲ್ಲವನ್ನೂ ಹೇಳಿದೆ. ಮೌನಿ ಪಕ್ಕದಲ್ಲಿ ಹಾಳೆ ಹಿಡಿದು ಕೂತಿದ್ದಳು. ತಾರೀಕಪ್ಪ ಸೊನ್ನೆಯ ವಿಷಯ ಕೇಳಲಿಲ್ಲ, ಚುಕ್ಕೆಯ ವಿಷಯವನ್ನೂ ಕೇಳಲಿಲ್ಲ.

“ಹತ್ತೊಂಬತ್ತು ಅಂತ ಕಾರ್ಡೇ ಇಲ್ವಲ್ಲ,” ಎಂದ.

ತಮಾಷೆಗೆ ಹೇಳಿದನೆಂದು ಮೊದಲು ಅಂದುಕೊಂಡೆ. ಅಲ್ಲ. ಚೀಟಿಯನ್ನು ಒಡೆದು ಸಣ್ಣದು ಮಾಡಿ ಮತ್ತೆ ಕಾರ್ಡು ಎತ್ತಿ ಎಂದು ಗುರುಗಳ ಕಡೆ ತಿರುಗಿದ. ಗುರುಗಳು ಮೇಜಿನ ಮೇಲಿದ್ದ ಕಟ್ಟನ್ನು ಕೈಗೆ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ಇದನ್ನು ನಾಲ್ಕು ಭಾಗ ಮಾಡಿ ನೋಡೋಣ ಎಂದ. ನಾಲ್ಕು ಭಾಗ ಮಾಡಿದರೆ ಐದು ಸಾವಿರದ ಎಂಟುನೂರು ಪುಟ ಕರಗಿಹೋಗುತ್ತದೆ ಎಂಬಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಆಗ ಆಡಬೇಕಾದ ಮಾತು ಕೆಂಪು ಚುಕ್ಕೆಯದು. ನಾನು ಆಡಿದ್ದು ಬೇರೆ.

“ಇವರು ನನ್ನ ತಂಗಿ ಗಂಡ,” ಎಂದೆ. “ಒಂದು ಭಾನುವಾರದ ಕೆಲಸ ಅಂತ ಅಡುಗೆಮನೆ ಶೆಲ್ಫಿಗೆ ಕೈ ಹಾಕಿ ಎರಡು ವರ್ಷ ಆಯ್ತು. ಹಲಗೆ ಇನ್ನೂ ಗೋಡೆಗೆ ಒರಗಿದೆ. ಅಂದಾಜು ಕಲೀಬೇಕಾದ್ರೆ ಇವರ ಹತ್ರ ಕಲೀಬೇಕು ನೋಡಿ.”

ಕೋಣೆಗೆ ಕೋಣೆಯೇ ನಕ್ಕಿತು. ಹುಡುಗರಲ್ಲೊಬ್ಬ ಮೇಜು ಕುಟ್ಟಿದ. ತಾರೀಕಪ್ಪನಂತೂ ಕಣ್ಣೀರು ಒರೆಸಿಕೊಂಡು ನಕ್ಕ. ಗುರುಗಳ ಕಿವಿ ಕೆಂಪಾಯಿತು. ಕಾರ್ಡುಗಳನ್ನು ಸರಿಪಡಿಸುತ್ತ ನಿಂತ. ನನ್ನ ಮಾತು ಗೆದ್ದಿತು ಎಂದುಕೊಂಡೆ. ನಗು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು, ಎಲ್ಲರೂ ಕುರ್ಚಿ ಸರಿಸಿ ಎದ್ದಿದ್ದರು, ಬೋರ್ಡಿನ ಮೇಲೆ ಎಂಟು ವಾರ ಎಂಬುದು ಹಾಗೇ ಇತ್ತು. ಮೌನಿ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅವಳು ನನ್ನ ಕಡೆ ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ನಾನು ತಾರೀಕಪ್ಪನ ಕಡೆ ನೋಡುವಾಗ ನನ್ನ ಕಣ್ಣಲ್ಲಿ ಏನಿರುತ್ತದೋ ಅದು ಇತ್ತು.

ಭಾನುವಾರ ತಂಗಿ ಬರಹೇಳಿದಳು. ಹೋದರೆ ಕೂರು ಎನ್ನಲಿಲ್ಲ. ಗಂಡ ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ.

“ಹದಿನಾಲ್ಕು ತಿಂಗಳು ಕೆಲಸ ಇಲ್ಲದೆ ಮನೇಲಿ ಕೂತಿದ್ರು, ನಿಂಗೆ ಹೇಳಿರಲಿಲ್ಲ,” ಎಂದಳು. “ಹೇಳಿದ್ರೆ ನೀನು ಹೇಗೆ ನೋಡ್ತೀಯ ಅಂತ ನಂಗೆ ಗೊತ್ತು. ನನ್ನ ಮನೆ ಶೆಲ್ಫು ನನ್ನದು ಅಕ್ಕ. ಅದನ್ನ ಅಲ್ಲಿ ಯಾಕೆ ತೊಗೊಂಡು ಹೋದೆ?”

ಅಂಗಳಕ್ಕೆ ಹೋದೆ. ಅವನು ಒದ್ದೆ ಟವೆಲ್ಲನ್ನು ಎರಡು ಸಲ ಕೊಡವಿ ಹಗ್ಗದ ಮೇಲೆ ಹಾಕಿದ. ತಾರೀಕು ಸುಳ್ಳು ಎಂದು ಅವನು ಮೊದಲ ವಾರವೇ ತಾರೀಕಪ್ಪನಿಗೆ ಹೇಳಿದ್ದನಂತೆ, ಎರಡನೇ ಸಲವೂ ಹೇಳಿದ್ದನಂತೆ. ನಿಮ್ಮಂಥವರು ಬಾಗಿಲ ಹೊರಗೆ ಹತ್ತು ಜನ ನಿಂತಿದ್ದಾರೆ ಎಂಬ ಉತ್ತರ ಬಂದಿತಂತೆ.

“ನನಗೂ ಗೊತ್ತಿತ್ತು ಅಕ್ಕ,” ಎಂದ. “ಅದು ಐದೂ ಅಲ್ಲ, ಹದಿಮೂರೂ ಅಲ್ಲ ಅಂತ ಅವತ್ತೇ ಗೊತ್ತಿತ್ತು.”

ಇದನ್ನು ಕೇಳಿ ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಗೊತ್ತಿಲ್ಲದೆ ಮಾಡಿದವನು ಪೆದ್ದ, ಕ್ಷಮಿಸಬಹುದು. ಗೊತ್ತಿದ್ದೂ ಕಾರ್ಡು ಹಂಚಿದವನನ್ನು ಏನೆನ್ನಬೇಕು? ಬಸ್ಸಿನಲ್ಲಿ ವಾಪಸು ಬರುವಾಗ ಇಡೀ ದಾರಿ ಅದನ್ನೇ ಯೋಚಿಸಿದೆ. ಇಳಿಯುವ ಹೊತ್ತಿಗೆ ಕೇಕಿನ ನೆನಪಾಯಿತು. ಹುಡುಗರು ಮೂರನ್ನು ಎಂಟು ಮಾಡಿದ್ದು ಗೊತ್ತಿದ್ದೂ ನಾನು ಬಾಯಿ ಒರೆಸಿಕೊಂಡು ಎದ್ದವಳು. ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ.

ಸೋಮವಾರದಿಂದ ನಾನು ಯಾರನ್ನೂ ಕೇಳದೆ ರಕ್ತನಿಧಿಗೆ ಹೋಗಿ ಮೌನಿಯ ಜೊತೆ ಪುಟ ತಾಳೆ ಹಾಕುತ್ತ ಕೂತೆ. ಕೆಲಸ ಕೈಗೆ ಹತ್ತಿತು. ಆದರೂ ಎಂಟು ವಾರಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಏಳನೇ ವಾರದಲ್ಲಿ ತಾರೀಕಪ್ಪ ಸಹಿ ಹಾಕಿಸಿಕೊಳ್ಳುವ ಕಾಗದ ಹಿಡಿದು ಬಂದ. ಹೊಸ ಸಾಫ್ಟ್‌ವೇರ್ ಸರಿಯಾಗಿದೆ ಎಂದು ದಾಖಲೆಯ ಹೊಣೆ ಹೊತ್ತವರು ಸಹಿ ಹಾಕಬೇಕಿತ್ತು. ಆ ಹೊಣೆ ರಿಜಿಸ್ಟರಮ್ಮನದು. ಹಿಂದೆ ಗುರುಗಳು, ಕೈಯಲ್ಲಿ ಗೋಡೆಯ ಗೆರೆಯ ಬಣ್ಣದ ಪ್ರತಿ.

ತಾರೀಕಪ್ಪ ಕಾಲು ಗಂಟೆ ಮಾತಾಡಿದ. ತಂಡದ ವೇಗ, ಮುಗಿದ ಪಾಯಿಂಟುಗಳು, ಒಪ್ಪಿದ ತಾರೀಕು. ರಿಜಿಸ್ಟರಮ್ಮ ಕನ್ನಡಕ ಒರೆಸುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ಕೈಗೆ ಸಿಕ್ಕಿದ ರಿಜಿಸ್ಟರು ತೆರೆದು, ಒಂದು ಚುಕ್ಕೆಯ ಮೇಲೆ ಬೆರಳಿಟ್ಟು, ತಾರೀಕಪ್ಪನನ್ನು ಬಿಟ್ಟು ಹಿಂದೆ ನಿಂತಿದ್ದವನನ್ನು ಕರೆದರು.

“ಇಲ್ಲಿ ಬನ್ನಿ. ಈ ಗುರುತು ಇರೋರು ಎಲ್ಲಾರೂ ನಿಮ್ಮ ಮಿಷಿನ್ನಲ್ಲಿ ಬರ್ತಾರಾ?”

ಅವನು ಪುಟ ನೋಡಿದ. ತಾರೀಕಪ್ಪ ಗಂಟಲು ಸರಿಮಾಡಿಕೊಂಡ. ಶೀತಲ ಪೆಟ್ಟಿಗೆಯೊಂದು ಗುಂಯ್ ಎಂದು ನಿಂತು ಮತ್ತೆ ಶುರುವಾಯಿತು. ನಾನು ತಲೆ ಎತ್ತಲಿಲ್ಲ. ಅವನು ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು, ಬಹುಪಾಲು ಬಂದಿದೆ, ಉಳಿದದ್ದು ಮುಂದಿನ ಸರದಿಯಲ್ಲಿ ಎಂಬಂಥದ್ದೇನೋ.

“ಇಲ್ಲಮ್ಮ, ಬರಲ್ಲ,” ಎಂದ. “ಐದರಲ್ಲಿ ಒಂದು ಪಾಲು ಮಾತ್ರ ನೋಡಿ ಆಗಿದೆ. ಈಗ ಸಹಿ ಹಾಕಬೇಡಿ.”

ರಿಜಿಸ್ಟರಮ್ಮ ರಿಜಿಸ್ಟರು ಮುಚ್ಚಿ ಕಾಗದವನ್ನು ತಾರೀಕಪ್ಪನ ಕಡೆಗೇ ಸರಿಸಿದರು. ಬೈಯಲಿಲ್ಲ, ಕೂಗಲಿಲ್ಲ. ಮುಗಿದ ಮೇಲೆ ತನ್ನಿ ಎಂದಷ್ಟೇ ಹೇಳಿದರು. ತಾರೀಕಪ್ಪ ಜೇಬಿನಿಂದ ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಳ್ಳಲು ಎರಡು ಸಲ ಪ್ರಯತ್ನ ಪಡಬೇಕಾಯಿತು.

ಆ ವಾರದ ಕೊನೆಗೆ ಗುರುಗಳನ್ನು ತೆಗೆದರು. ತಂಡಕ್ಕೆ ತಪ್ಪು ಅಂದಾಜು ಕಲಿಸಿ ದಾರಿ ತಪ್ಪಿಸಿದ್ದೇ ಆತ ಎಂದು ತಾರೀಕಪ್ಪ ಮೇಲಿನವರಿಗೆ ಬರೆದನಂತೆ. ಅವನು ಕಾರ್ಡಿನ ಕಟ್ಟನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ಹೋಗುವಾಗ ಮೌನಿಗೆ ನಮಸ್ಕಾರ ಹೇಳಿದ, ನನಗೆ ಹೇಳಲಿಲ್ಲ.

ಕೆಲಸ ಇಪ್ಪತ್ತೊಂದು ವಾರಕ್ಕೆ ಮುಗಿಯಿತು. ರಿಜಿಸ್ಟರಮ್ಮ ಜ್ವರದಿಂದ ಮಲಗಿದ್ದು ಎರಡು ವಾರ, ತೇವಕ್ಕೆ ಅಂಟಿಕೊಂಡಿದ್ದ ಒಂದು ರಿಜಿಸ್ಟರಿನ ಹಾಳೆಗಳನ್ನು ಬಿಡಿಸಲು ಇನ್ನೂ ಒಂದಷ್ಟು ದಿನ. ಮುನ್ನೂರ ಹನ್ನೆರಡು ಕೆಂಪು ಚುಕ್ಕೆಗಳು ಹೊಸ ಪಟ್ಟಿಗೆ ಸೇರಿದವು. ಅವರಲ್ಲಿ ಒಂಬತ್ತು ಮಂದಿಗೆ, ಎಂಟು ವಾರದ ಮಾತು ನಡೆದಿದ್ದರೆ, ರಕ್ತ ಕೊಡಲು ಬನ್ನಿ ಎಂದು ಮೊದಲ ತಿಂಗಳಲ್ಲೇ ಕರೆ ಹೋಗುತ್ತಿತ್ತು ಎಂದು ಮೌನಿ ಲೆಕ್ಕ ತೆಗೆದಳು. ಆ ಲೆಕ್ಕವನ್ನು ಯಾರೂ ಕೇಳಿರಲಿಲ್ಲ, ಯಾರೂ ಓದಲೂ ಇಲ್ಲ. ತಾರೀಕಪ್ಪ ಮಾತ್ರ ದೊಡ್ಡ ಸಭೆಯೊಂದರಲ್ಲಿ, ಕಷ್ಟದ ದಾಖಲೆಗಳನ್ನು ನಾವು ಹೇಗೆ ಇಪ್ಪತ್ತೊಂದು ವಾರಕ್ಕೆ ಯೋಜನೆ ಹಾಕಿ ಮುಗಿಸಿದೆವು ಎಂದು ನಲವತ್ತು ನಿಮಿಷ ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ಈಗ ಆತ ಮೂರು ತಂಡಗಳ ಮೇಲಿದ್ದಾನೆ. ಮೂರು ಕ್ಯಾಲೆಂಡರು ತೂಗುಹಾಕಿಕೊಂಡಿದ್ದಾನೆ.

ನಾಲ್ಕು ತಿಂಗಳಾದ ಮೇಲೆ ಬೇರೊಂದು ಕಚೇರಿಯಿಂದ ನನಗೆ ಫೋನು ಬಂತು. ನಿಮ್ಮಲ್ಲಿದ್ದ ತರಬೇತುದಾರರೊಬ್ಬರು ನಮ್ಮಲ್ಲಿಗೆ ಅರ್ಜಿ ಹಾಕಿದ್ದಾರೆ, ಜನ ಹೇಗೆ ಎಂದು ಒಬ್ಬ ಹೆಂಗಸು ಕೇಳಿದರು. ನನ್ನ ಹೆಸರನ್ನು ಅವನು ಕೊಟ್ಟಿರಲಿಲ್ಲ; ಕಚೇರಿಯ ನಂಬರಿಗೆ ಮಾಡಿದ್ದು, ಯಾರೋ ನನಗೆ ದಾಟಿಸಿದ್ದರು. ನಾಲಗೆಯ ತುದಿಗೆ ಏನೇನೋ ಬಂತು. ಅವನ ಮೇಲಿನ ತಾತ್ಸಾರ ಪೂರ್ತಿ ಹೋಗಿದೆ ಎಂದರೆ ಅದು ಸುಳ್ಳು.

“ತಲೆ ಮೇಲೆ ಯಾರಾದ್ರೂ ನಿಂತಿದ್ರೆ ಬಗ್ತಾರೆ,” ಎಂದೆ. “ಆದರೆ ಒಂದು ಸಲ ಬಗ್ಗಲಿಲ್ಲ. ಅದನ್ನ ನಾನೇ ನೋಡಿದ್ದೀನಿ.”

“ಒಂದೇ ಸಲವಾ?” ಎಂದರು ಆಕೆ.

“ಹೂಂ. ನಮ್ಮ ಆಫೀಸಿನ ಲೆಕ್ಕಕ್ಕೆ ಅದು ಜಾಸ್ತಿ.”

ಆಕೆ ಏನು ಬರೆದುಕೊಂಡರೋ ತಿಳಿಯದು. ಹತ್ತು ದಿನ ಬಿಟ್ಟು ತಂಗಿಯಿಂದ ಸಂದೇಶ ಬಂತು: ‘ಇವರಿಗೆ ಕೆಲಸ ಸಿಕ್ಕಿದೆ.’ ಅಷ್ಟೇ ಇತ್ತು. ಒಳ್ಳೆಯದಾಯಿತು ಎಂದು ನಾನು ಉತ್ತರ ಬರೆದೆ. ಫೋನಿನ ವಿಷಯ ಹೇಳಲಿಲ್ಲ. ಅವಳು ಮನೆಗೆ ಬಾ ಎಂದು ಇನ್ನೂ ಕರೆದಿಲ್ಲ.